ಸಭೆಯಿಂದ ಎದ್ದು ಬಂದ ಮೇಲೆ

ನಾನು ಅಧಿಕಾರಿಯಾಗಿದ್ದ ಕಾಲದ ಒಂದು ಪ್ರಸಂಗದಿಂದ ಈ ಮಾತನ್ನು ಆರಂಭಿಸುತ್ತೇನೆ. ಗಂಡನನ್ನು ಕಳೆದುಕೊಂಡ ವೃದ್ಧೆಯೊಬ್ಬರು ಕುಟುಂಬ ಪಿಂಚಣಿಯ ವಿಚಾರವಾಗಿ ದೂರದ ಹಳ್ಳಿಯಿಂದ ಬಸ್ಸು ಹಿಡಿದು ನಮ್ಮ ಕಚೇರಿಗೆ ಬಂದಿದ್ದರು. ನಾನು ಸಭೆಯಲ್ಲಿದ್ದೆ. ಮುಂದಿನ ವಾರ ಬಂದರು, ಆಗಲೂ ಸಭೆ. ಮೂರನೆಯ ಸಲ ಬಾಗಿಲ ಬಳಿಯೇ ಕಾದಿದ್ದು, ನಾನು ಹೊರಗೆ ಬಂದೊಡನೆ, “ಸ್ವಾಮಿ, ಒಳಗೆ ನನ್ನ ವಿಷಯ ಏನಾದರೂ ಬಂತೇ?” ಎಂದು ಕೇಳಿದರು. ಬಂದಿರಲಿಲ್ಲ. ಹಾಗಾದರೆ ಬಂದ ವಿಷಯ ಯಾವುದು, ತೀರ್ಮಾನವಾದದ್ದು ಏನು ಎಂದರೆ, ಎರಡು ಗಂಟೆ ಕುಳಿತು ಎದ್ದ ನನಗೂ ತಿಳಿದಿರಲಿಲ್ಲ. ಅವರ ಕಡತಕ್ಕೆ ಬೇಕಾಗಿದ್ದುದು ನನ್ನ ಒಂದು ಸಹಿ ಮಾತ್ರ.

ಆ ನಾಚಿಕೆಯೇ ನನ್ನನ್ನು ಸಭೆಗಳ ಚರಿತ್ರೆಯ ಕಡೆಗೆ ಎಳೆಯಿತು. ಓದುತ್ತ ಹೋದಂತೆ, ನನ್ನಂತೆಯೇ ಏನೂ ತಿಳಿಯದೆ ಎದ್ದು ಬಂದವರು ದೊಡ್ಡ ದೊಡ್ಡ ಪೀಠಗಳಲ್ಲಿಯೂ ಇದ್ದರೆಂಬುದು ಗೊತ್ತಾಯಿತು. ಅರ್ಧ ಭೂಮಂಡಲವನ್ನು ಆಳುವೆವೆಂಬ ಹೆಮ್ಮೆಯಿದ್ದ ಬ್ರಿಟನ್ನಿನ ಮಂತ್ರಿಮಂಡಲಕ್ಕೆ 1916ರ ಕೊನೆಯವರೆಗೆ ಕ್ರಮಬದ್ಧವಾದ ಕಾರ್ಯಸೂಚಿಯೂ ಇರಲಿಲ್ಲ, ನಡಾವಳಿಯೂ ಇರಲಿಲ್ಲ. ಸಭೆಯ ನಂತರ ಪ್ರಧಾನಿ ದೊರೆಗೆ ಬರೆಯುತ್ತಿದ್ದ ಪತ್ರವೇ ಅಧಿಕೃತ ದಾಖಲೆ. 1882ರಲ್ಲಿ ಲಾರ್ಡ್ ಹಾರ್ಟಿಂಗ್‌ಟನ್ನರ ಆಪ್ತ ಕಾರ್ಯದರ್ಶಿ, ಪ್ರಧಾನಿ ಗ್ಲಾಡ್‌ಸ್ಟನ್ನರ ಆಪ್ತ ಕಾರ್ಯದರ್ಶಿಗೆ ಒಂದು ಚೀಟಿ ಬರೆದರು: ಸಭೆಯಲ್ಲಿ ತೀರ್ಮಾನವಾದದ್ದೇನೆಂದು ನಮ್ಮ ಯಜಮಾನರಿಗೆ ಒಂದಿಷ್ಟೂ ತಿಳಿಯದು, ದಯವಿಟ್ಟು ವಿಚಾರಿಸಿ ಹೇಳಿ ಎಂಬುದು ಅದರ ಸಾರಾಂಶ. ಆ ವರ್ಷದ ಡಿಸೆಂಬರಿನವರೆಗೆ ಇಂಡಿಯಾ ದೇಶದ ಖಾತೆ ಈ ಹಾರ್ಟಿಂಗ್‌ಟನ್ನರ ಕೈಯಲ್ಲಿಯೇ ಇತ್ತೆಂಬುದನ್ನು ನೆನೆದರೆ ನಗು ಅರ್ಧದಲ್ಲಿಯೇ ನಿಲ್ಲುತ್ತದೆ.

ಶಾಂತಿಕಾಲದಲ್ಲಿ ಹೇಗೋ ನಡೆದುಕೊಂಡು ಬಂದ ಈ ಪದ್ಧತಿಯನ್ನು 1914ರ ಮಹಾಯುದ್ಧ ಬಯಲಿಗೆ ತಂದಿತು. ಆಸ್ಕ್ವಿತ್ ಅವರ ಮಂತ್ರಿಮಂಡಲದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ. ಸಭೆ ನಡೆಯುತ್ತಿರುವಾಗಲೇ ಪ್ರಧಾನಿ ತಮ್ಮ ಸ್ನೇಹಿತೆ ವೆನಿಷಿಯಾ ಸ್ಟ್ಯಾನ್ಲಿಗೆ ಪತ್ರ ಬರೆಯುತ್ತಿದ್ದುದೂ ಉಂಟು. 1916ರ ಡಿಸೆಂಬರಿನಲ್ಲಿ ಅಧಿಕಾರಕ್ಕೆ ಬಂದ ಲಾಯ್ಡ್ ಜಾರ್ಜ್ ಐದೇ ಜನರ ಯುದ್ಧ ಮಂತ್ರಿಮಂಡಲವನ್ನು ರಚಿಸಿ, ಮಾರಿಸ್ ಹ್ಯಾಂಕಿ ಎಂಬ ನೌಕಾಸೈನಿಕ ಅಧಿಕಾರಿಯನ್ನು ಅದರ ಕಾರ್ಯದರ್ಶಿಯಾಗಿ ಕೂರಿಸಿದರು.

ಹ್ಯಾಂಕಿ ಮಾಡಿದ್ದು ಸರಳವಾದ ಕೆಲಸ. ಚರ್ಚೆಗೆ ಬರುವ ವಿಷಯಗಳನ್ನು ಮೊದಲೇ ಪಟ್ಟಿ ಮಾಡಿದರು. ಆದ ತೀರ್ಮಾನವನ್ನು ಬರೆದು, ಅದನ್ನು ನಡೆಸಬೇಕಾದ ಇಲಾಖೆಗೆ ತಡಮಾಡದೆ ಕಳುಹಿಸಿದರು. ಐವರಲ್ಲಿ ಹಣಕಾಸು ನೋಡಿಕೊಳ್ಳುತ್ತಿದ್ದ ಬೋನಾರ್ ಲಾ ಒಬ್ಬರ ಹೊರತು ಬೇರೆಯವರಿಗೆ ಇಲಾಖೆಯ ಭಾರವಿರಲಿಲ್ಲ. ಉಳಿದ ಮಂತ್ರಿಗಳೂ ಸೇನಾಧಿಕಾರಿಗಳೂ ತಮ್ಮ ವಿಷಯ ಬಂದಾಗ ಒಳಗೆ ಬಂದು, ಅದು ಮುಗಿದೊಡನೆ ತಮ್ಮ ಮೇಜಿಗೆ ಹಿಂದಿರುಗಬಹುದಾಗಿತ್ತು.

ಇದರಿಂದ ಸಭೆಗಳು ಕಡಿಮೆಯಾದವೆಂದು ನಾನು ಊಹಿಸಿದ್ದೆ, ಊಹೆ ತಪ್ಪಾಯಿತು. 1917ನೆಯ ವರ್ಷವೊಂದರಲ್ಲೇ ಅವು 300ನ್ನು ಮೀರಿದವು. ಹೆಚ್ಚುಕಡಿಮೆ ದಿನಕ್ಕೊಂದು ಸಭೆ! ಆದರೂ ಕೆಲಸ ನಡೆಯಿತು. ನಮ್ಮನ್ನು ದಣಿಸುವುದು ಸಭೆಗಳ ಸಂಖ್ಯೆಯಲ್ಲ. ನಮಗೆ ಸಂಬಂಧವಿಲ್ಲದ ಸಭೆ, ಮುಗಿದ ಮೇಲೂ ಏನನ್ನೂ ಮುಗಿಸದ ಸಭೆ ಎಂಬುದು ನನಗೆ ಆಗ ಹೊಳೆಯಿತು.

ಈ ವ್ಯವಸ್ಥೆಯನ್ನು ಅತಿಯಾಗಿ ಹೊಗಳುವುದೂ ಸಲ್ಲದು. ಪಾಶಂಡೇಲಿನ ಕೆಸರಿನಲ್ಲಿ ಲಕ್ಷಗಟ್ಟಲೆ ಸೈನಿಕರು ಸತ್ತು, ಗಾಯಗೊಂಡ 1917ರ ಆ ಕದನಕ್ಕೆ ಒಪ್ಪಿಗೆ ಕೊಟ್ಟದ್ದು ಇದೇ ಮಂತ್ರಿಮಂಡಲ. ಅಚ್ಚುಕಟ್ಟಾದ ನಡಾವಳಿ ವಿವೇಕವನ್ನು ಹುಟ್ಟಿಸಲಾರದು. ಆದರೆ ಯಾರು, ಎಂದು, ಏನನ್ನು ಒಪ್ಪಿದರೆಂಬುದು ಕಾಗದದ ಮೇಲೆ ಉಳಿಯಿತು. ಹೊಣೆ ಯಾರದೆಂದು ಚರಿತ್ರೆ ಕೇಳುವುದು ಸಾಧ್ಯವಾಯಿತು. 1922ರಲ್ಲಿ ಲಾಯ್ಡ್ ಜಾರ್ಜ್ ಪದಚ್ಯುತರಾದಾಗ ಹ್ಯಾಂಕಿಯ ಕಾರ್ಯಾಲಯವನ್ನು ಮುಚ್ಚಬೇಕೆಂಬ ಕೂಗೆದ್ದಿತು. ಅದು ಕಿರಿದಾಯಿತೇ ಹೊರತು ಅಳಿಯಲಿಲ್ಲ. ಹ್ಯಾಂಕಿ 1938ರವರೆಗೂ ಅಲ್ಲಿಯೇ ಇದ್ದರು.

ಸಭೆಗಳನ್ನು ನಿಲ್ಲಿಸುವ ಅಧಿಕಾರ ನನಗಿರಲಿಲ್ಲ. ಕೈಲಾದಷ್ಟನ್ನು ಮಾಡಿದೆ. ನಾನು ಕರೆಯುವ ಸಭೆಗೆ ವಿಷಯಪಟ್ಟಿಯನ್ನು ಹಿಂದಿನ ದಿನವೇ ಕಳುಹಿಸಿದೆ. ಗುಮಾಸ್ತರನ್ನು ಅವರವರ ವಿಷಯಕ್ಕಷ್ಟೇ ಒಳಗೆ ಕರೆದೆ. ಏಳುವ ಮುನ್ನ ತೀರ್ಮಾನವನ್ನೂ ಅದನ್ನು ನಡೆಸಬೇಕಾದವರ ಹೆಸರನ್ನೂ ಗಟ್ಟಿಯಾಗಿ ಓದಿಸಿದೆ. ಮೇಲಿನವರು ಕರೆದ ಸಭೆಗೆ ಹೋಗುವ ಮುನ್ನ, ನನ್ನ ಸಹಿಗಾಗಿ ಕಾದ ಕಡತಗಳನ್ನು ಮುಗಿಸಿಯೇ ಏಳುವ ರೂಢಿ ಮಾಡಿಕೊಂಡೆ.

ಆ ತಾಯಿಯ ಪಿಂಚಣಿಗೆ ಅಂದೇ ಸಹಿ ಹಾಕಿದೆ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಮೂರು ಸಲದ ಬಸ್ಸಿನ ಖರ್ಚನ್ನು ಅವರಿಗೆ ಹಿಂದಿರುಗಿಸುವ ನಿಯಮ ಮಾತ್ರ ನಮ್ಮ ಕೈಪಿಡಿಯಲ್ಲಿ ಎಲ್ಲಿಯೂ ಇರಲಿಲ್ಲ.