ಗರ್ಭಾವಸ್ಥೆಯಲ್ಲಿ ಕೀಟನಾಶಕಗಳ ಸಂಪರ್ಕ ಮತ್ತು ಮಕ್ಕಳ ಮಿದುಳಿನ ಬೆಳವಣಿಗೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಬೆಳೆಗಳಿಗೆ ತಗಲುವ ಹುಳುಗಳನ್ನು ಕೊಲ್ಲಲು ಬಳಸುವ ರಾಸಾಯನಿಕಗಳನ್ನು ಗ್ರಾಮೀಣ ಭಾಗದಲ್ಲಿ ಸಾಮಾನ್ಯವಾಗಿ "ಔಷಧ" ಎಂದೂ, ಕೆಲವೆಡೆ "ಎಣ್ಣೆ" ಎಂದೂ ಕರೆಯಲಾಗುತ್ತದೆ. ಹೆಸರು ಏನೇ ಇದ್ದರೂ ಇವು ವಿಷ ವಸ್ತುಗಳು. ಇವುಗಳಲ್ಲಿ ಹಲವು ಕೀಟದ ನರಮಂಡಲವನ್ನು ಕೆಡಿಸಿ ಅದನ್ನು ಕೊಲ್ಲುತ್ತವೆ. ಮನುಷ್ಯರ ನರಮಂಡಲವೂ ಬಹುಮಟ್ಟಿಗೆ ಅದೇ ರೀತಿಯ ರಾಸಾಯನಿಕ ಸಂಕೇತಗಳಿಂದ ನಡೆಯುವುದರಿಂದ ಇವುಗಳ ದುಷ್ಪರಿಣಾಮ ಮನುಷ್ಯರಿಗೂ ತಟ್ಟುತ್ತದೆ. ಗರ್ಭದಲ್ಲಿ ರೂಪುಗೊಳ್ಳುತ್ತಿರುವ ಮಿದುಳಿಗೆ ಈ ಅಪಾಯ ಹೆಚ್ಚು. ತಾಯಿಗೆ ವಿಷಬಾಧೆಯ ಯಾವುದೇ ಲಕ್ಷಣ ಕಾಣಿಸದಿದ್ದರೂ ಮಗುವಿನ ಬೆಳವಣಿಗೆಗೆ ತೊಂದರೆಯಾಗುವ ಸಾಧ್ಯತೆ ಇರುವುದರಿಂದ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ.

ಗರ್ಭಸ್ಥ ಶಿಶುವಿಗೆ ಅಪಾಯ ಹೆಚ್ಚಿರಲು ಕಾರಣಗಳು

1. ಮಿದುಳು ಮತ್ತು ಬೆನ್ನುಹುರಿಯ ಮೂಲವಾದ ನರನಾಳವು ಗರ್ಭಧಾರಣೆಯ ನಂತರ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ಮಹಿಳೆಯರಿಗೆ ತಾವು ಗರ್ಭಿಣಿಯೆಂದು ತಿಳಿಯುವ ವೇಳೆಗೆ ಈ ಹಂತ ಮುಗಿದಿರುತ್ತದೆ.

2. ತಾಯಿಯ ರಕ್ತದಲ್ಲಿರುವ ಕೆಲವು ಕೀಟನಾಶಕಗಳು ಮಾಸುವನ್ನು ದಾಟಿ ಶಿಶುವನ್ನು ಸೇರುತ್ತವೆ. ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕವು ನವಜಾತ ಶಿಶುಗಳ ಹೊಕ್ಕುಳಬಳ್ಳಿಯ ರಕ್ತದಲ್ಲಿ ಪತ್ತೆಯಾಗಿದೆ.

3. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ನರಗಳ ನಡುವೆ ಸಂಕೇತ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು ವಿಭಜಿಸುವ ಕಿಣ್ವಕ್ಕೆ ತಡೆಯೊಡ್ಡುತ್ತವೆ. ಅಸಿಟೈಲ್‌ಕೋಲಿನ್ ಬೆಳೆಯುವ ಮಿದುಳಿನಲ್ಲಿ ನರಕೋಶಗಳ ರಚನೆಗೂ ಸಂಬಂಧಿಸಿದೆ.

4. ಈ ವಿಷಗಳನ್ನು ನಿಷ್ಕ್ರಿಯಗೊಳಿಸುವ ಕಿಣ್ವಗಳು ವಯಸ್ಕರಿಗೆ ಹೋಲಿಸಿದರೆ ನವಜಾತ ಶಿಶುಗಳಲ್ಲಿ ಬಹಳ ಕಡಿಮೆ ಇರುತ್ತವೆ.

ಅಧ್ಯಯನಗಳಿಂದ ತಿಳಿದುಬಂದಿರುವ ಅಂಶಗಳು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಲಿನಾಸ್ ಕಣಿವೆಯು ತರಕಾರಿ ಬೆಳೆಯುವ ಪ್ರದೇಶ. ಅಲ್ಲಿನ ಕೃಷಿ ಕಾರ್ಮಿಕ ಕುಟುಂಬಗಳ ಗರ್ಭಿಣಿಯರನ್ನು 1999-2000ರಲ್ಲಿ ನೋಂದಾಯಿಸಿಕೊಂಡು, ಅವರ ಮಕ್ಕಳನ್ನು ಹಲವು ವರ್ಷಗಳ ಕಾಲ ಗಮನಿಸಲಾಯಿತು. ಗರ್ಭಿಣಿಯರ ಮೂತ್ರದಲ್ಲಿ ಆರ್ಗನೋಫಾಸ್ಫೇಟ್ ಅವಶೇಷಗಳ ಪ್ರಮಾಣವನ್ನು ಅಳೆಯಲಾಗಿತ್ತು. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅತಿ ಹೆಚ್ಚು ಅವಶೇಷವಿದ್ದ ಐದನೇ ಒಂದು ಭಾಗದ ತಾಯಂದಿರ ಮಕ್ಕಳ ಬುದ್ಧಿಸೂಚ್ಯಂಕವು, ಅತಿ ಕಡಿಮೆ ಇದ್ದ ಐದನೇ ಒಂದು ಭಾಗದವರ ಮಕ್ಕಳಿಗಿಂತ 7 ವರ್ಷದ ವಯಸ್ಸಿನಲ್ಲಿ ಸರಾಸರಿ 7 ಅಂಕಗಳಷ್ಟು ಕಡಿಮೆ ಇತ್ತು. ಜನನದ ನಂತರ ಮಕ್ಕಳ ಮೂತ್ರದಲ್ಲಿ ಕಂಡುಬಂದ ಅವಶೇಷಗಳಿಗೂ ಬುದ್ಧಿಸೂಚ್ಯಂಕಕ್ಕೂ ಇಂತಹ ಸ್ಥಿರವಾದ ಸಂಬಂಧ ಕಾಣಲಿಲ್ಲ. ಗರ್ಭದ ಅವಧಿಯಲ್ಲಿಯೇ ಎಚ್ಚರ ವಹಿಸಬೇಕೆಂಬುದಕ್ಕೆ ಇದು ಮುಖ್ಯ ಆಧಾರ.

ನ್ಯೂಯಾರ್ಕ್ ನಗರದಲ್ಲಿ ನಡೆದ ಮತ್ತೊಂದು ಅಧ್ಯಯನದ ತಾಯಂದಿರು ಹೊಲದ ಕೆಲಸದವರಲ್ಲ. ಮನೆಗಳಲ್ಲಿ ಜಿರಲೆ ಮುಂತಾದ ಕೀಟಗಳಿಗೆ ಬಳಸಿದ ಕ್ಲೋರ್‌ಪೈರಿಫಾಸ್‌ನ ಸಂಪರ್ಕಕ್ಕೆ ಅವರು ಒಳಗಾಗಿದ್ದರು. ಅಲ್ಲಿಯೂ ಹೆಚ್ಚು ಸಂಪರ್ಕವಿದ್ದ ಮಕ್ಕಳಲ್ಲಿ 3 ವರ್ಷಕ್ಕೆ ಬೆಳವಣಿಗೆಯ ವಿಳಂಬ, 7 ವರ್ಷಕ್ಕೆ ತತ್‌ಕ್ಷಣದ ನೆನಪಿನ ಶಕ್ತಿಯ ಕೊರತೆ ಹೆಚ್ಚಾಗಿ ಕಂಡುಬಂದವು. 2025ರ ಮೇ ತಿಂಗಳಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಸದಸ್ಯ ರಾಷ್ಟ್ರಗಳು ಕ್ಲೋರ್‌ಪೈರಿಫಾಸ್ ಅನ್ನು, ಕೆಲವು ವಿನಾಯಿತಿಗಳೊಂದಿಗೆ, ಬಳಕೆಯಿಂದ ಕೈಬಿಡಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿವೆ.

ಮೇಲ್ಕಂಡ ಅಂಕಿಗಳು ಗುಂಪಿನ ಸರಾಸರಿಗಳಾಗಿರುತ್ತವೆ. ಸಂಪರ್ಕಕ್ಕೆ ಒಳಗಾದ ಪ್ರತಿ ತಾಯಿಯ ಮಗುವಿಗೂ ತೊಂದರೆಯಾಗುತ್ತದೆಂದು ಭಾವಿಸತಕ್ಕದ್ದಲ್ಲ. ಅವಧಿಪೂರ್ವ ಹೆರಿಗೆ, ಹೆರಿಗೆ ಸಮಯದಲ್ಲಿ ಉಸಿರುಗಟ್ಟುವಿಕೆ, ಅಯೋಡಿನ್ ಕೊರತೆ, ಆನುವಂಶಿಕ ಕಾರಣಗಳಿಂದಲೂ ಮಗುವಿನ ಬೆಳವಣಿಗೆ ಕುಂಠಿತವಾಗಬಹುದು. ಹೊಟ್ಟೆಪಾಡಿಗಾಗಿ ದುಡಿದ ತಾಯಿಯನ್ನು ಮಗುವಿನ ಸ್ಥಿತಿಗೆ ಹೊಣೆಯಾಗಿಸುವುದು ಸರಿಯಲ್ಲ.

ಕರಾವಳಿ ಭಾಗದ ಎಂಡೋಸಲ್ಫಾನ್ ಅನುಭವ

ಕೇರಳದ ಕಾಸರಗೋಡು ಜಿಲ್ಲೆಯ ಹಾಗೂ ಕರ್ನಾಟಕದ ಕರಾವಳಿ ಜಿಲ್ಲೆಗಳ ಗೇರು ತೋಟಗಳಿಗೆ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಲಾಗುತ್ತಿತ್ತು. ಇದು ಆರ್ಗನೋಕ್ಲೋರಿನ್ ಗುಂಪಿಗೆ ಸೇರಿದ ಕೀಟನಾಶಕ. ಕಾಸರಗೋಡಿನಲ್ಲಿ ಈ ಸಿಂಪರಣೆ 2000ನೇ ಇಸವಿಯವರೆಗೆ ನಡೆಯಿತು. ಕಾಸರಗೋಡಿನ ಪಡ್ರೆ, ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ ಮುಂತಾದ ಗ್ರಾಮಗಳಲ್ಲಿ ಬುದ್ಧಿಮಾಂದ್ಯತೆ ಹಾಗೂ ಅಂಗವೈಕಲ್ಯ ಇರುವ ಮಕ್ಕಳ ವಿಷಯ ಸಾರ್ವಜನಿಕರ ಗಮನಕ್ಕೆ ಬಂದಿತು. ಸರ್ವೋಚ್ಚ ನ್ಯಾಯಾಲಯವು 2011ರ ಮೇ 13ರಂದು ದೇಶಾದ್ಯಂತ ಎಂಡೋಸಲ್ಫಾನ್‌ನ ಉತ್ಪಾದನೆ, ಮಾರಾಟ ಮತ್ತು ಬಳಕೆಯನ್ನು ತಡೆಹಿಡಿಯಿತು. ಸಿಂಪರಣೆ ನಿಂತು ವರ್ಷಗಳು ಕಳೆದರೂ ಈ ಕುಟುಂಬಗಳ ಆರೈಕೆಯ ಭಾರ ಇಳಿದಿಲ್ಲ.

ಗರ್ಭಿಣಿಯರು ಹಾಗೂ ಕುಟುಂಬದವರು ಅನುಸರಿಸಬೇಕಾದ ಕ್ರಮಗಳು

1. ಗರ್ಭಿಣಿಯರು ಹಾಗೂ ಗರ್ಭ ಧರಿಸುವ ನಿರೀಕ್ಷೆಯಲ್ಲಿರುವವರು ಕೀಟನಾಶಕ ಬೆರೆಸುವ, ಸಿಂಪಡಿಸುವ, ಸಿಂಪರಣೆಗೆ ನೀರು ಹೊತ್ತು ಕೊಡುವ ಕೆಲಸ ಮಾಡಬಾರದು.

2. ಸಿಂಪಡಿಸಿದ ಹೊಲದಲ್ಲಿ ಕಳೆ ಕೀಳುವುದು, ಹತ್ತಿ ಅಥವಾ ಮೆಣಸಿನಕಾಯಿ ಬಿಡಿಸುವುದು ಸಹ ಸಂಪರ್ಕಕ್ಕೆ ಕಾರಣವಾಗುತ್ತದೆ. ಪೊಟ್ಟಣದೊಂದಿಗಿನ ಕರಪತ್ರದಲ್ಲಿ ಸೂಚಿಸಿದ ಅವಧಿ ಮುಗಿಯುವವರೆಗೆ ಹೊಲಕ್ಕೆ ಇಳಿಯಬಾರದು. ಕೂಲಿಗೆ ಕರೆಯುವವರು ಯಾವ ದಿನ ಸಿಂಪರಣೆಯಾಗಿದೆ ಎಂಬುದನ್ನು ಮುಂಚಿತವಾಗಿ ತಿಳಿಸುವುದು.

3. ಸಿಂಪರಣೆ ಮಾಡಿದವರ ಬಟ್ಟೆಯನ್ನು ಗರ್ಭಿಣಿಯರು ಒಗೆಯಬಾರದು. ಆ ಬಟ್ಟೆಯನ್ನು ಮನೆಯ ಇತರ ಬಟ್ಟೆಗಳೊಂದಿಗೆ ಸೇರಿಸದೆ, ಬೇರೆಯವರು ಕೈಗವಸು ಧರಿಸಿ ಪ್ರತ್ಯೇಕವಾಗಿ ಒಗೆಯಬೇಕು. ಸಿಂಪರಣೆ ಮಾಡಿದವರು ಸ್ನಾನ ಮಾಡಿದ ನಂತರವೇ ಮನೆಯವರೊಂದಿಗೆ ಬೆರೆಯುವುದು.

4. ಡಬ್ಬಿಗಳನ್ನು ಅಡುಗೆಮನೆಯಲ್ಲಾಗಲಿ, ಮಲಗುವ ಕೋಣೆಯಲ್ಲಾಗಲಿ ಇಡಬಾರದು. ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ, ಧಾನ್ಯ ತುಂಬಿಡಬಾರದು.

5. ಡಬ್ಬಿಯ ಮೇಲಿನ ಬಣ್ಣದ ಗುರುತನ್ನು ಗಮನಿಸುವುದು. ಕೆಂಪು ಅತ್ಯಂತ ವಿಷಕಾರಿ, ಹಳದಿ ಹೆಚ್ಚು ವಿಷಕಾರಿ, ನೀಲಿ ಮಧ್ಯಮ, ಹಸಿರು ಅಲ್ಪ ವಿಷಕಾರಿ ಎಂಬುದನ್ನು ಸೂಚಿಸುತ್ತದೆ. ಈ ಗುರುತು ತಕ್ಷಣದ ವಿಷಬಾಧೆಗೆ ಸಂಬಂಧಿಸಿದ್ದು. ಹಸಿರು ಗುರುತು ಇದ್ದ ಮಾತ್ರಕ್ಕೆ ಗರ್ಭಕ್ಕೆ ಅಪಾಯವಿಲ್ಲವೆಂದು ತಿಳಿಯಬಾರದು.

6. ಮನೆಯೊಳಗೆ ಜಿರಲೆ, ಇರುವೆ, ತಿಗಣೆಗಳಿಗೆ ವಿಷ ಸಿಂಪಡಿಸುವುದನ್ನು ತಪ್ಪಿಸುವುದು. ಸೊಳ್ಳೆಗಳಿಂದ ರಕ್ಷಣೆಗೆ ಸೊಳ್ಳೆಪರದೆ ಬಳಸುವುದು.

7. ತರಕಾರಿ ಮತ್ತು ಹಣ್ಣುಗಳನ್ನು ಧಾರಾಳ ನೀರಿನಲ್ಲಿ ತೊಳೆದು ಬಳಸುವುದು. ಅವಶೇಷದ ಭಯದಿಂದ ತರಕಾರಿ ತಿನ್ನುವುದನ್ನು ಅಥವಾ ಎದೆಹಾಲು ಉಣಿಸುವುದನ್ನು ನಿಲ್ಲಿಸಬಾರದು.

ತಲೆಸುತ್ತು, ವಾಂತಿ, ಅತಿಯಾದ ಬೆವರು ಹಾಗೂ ಜೊಲ್ಲು, ಕಣ್ಣು ಮಂಜಾಗುವುದು, ಉಸಿರಾಟದ ತೊಂದರೆ ಕಂಡುಬಂದಲ್ಲಿ ಕೂಡಲೇ 108ಕ್ಕೆ ಕರೆ ಮಾಡುವುದು. ಡಬ್ಬಿಯನ್ನು ಅಥವಾ ಅದರ ಚೀಟಿಯನ್ನು ತಪ್ಪದೆ ಆಸ್ಪತ್ರೆಗೆ ಒಯ್ಯಬೇಕು.

ಸರ್ಕಾರದಿಂದ ದೊರೆಯುವ ಸೇವೆಗಳು

ಗರ್ಭಿಣಿಯರ ನೋಂದಣಿ: ಗರ್ಭ ಧರಿಸಿದ ಮೊದಲ 12 ವಾರಗಳೊಳಗೆ ಆಶಾ ಕಾರ್ಯಕರ್ತೆಯ ಮೂಲಕ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯುವುದು. ಹೊಲದ ಕೆಲಸ ಹಾಗೂ ಸಿಂಪರಣೆಯ ವಿಷಯವನ್ನು ವೈದ್ಯರಿಗೆ ತಿಳಿಸುವುದು.

ಮಗುವಿನ ತಪಾಸಣೆ: ಮಗುವಿಗೆ 4 ತಿಂಗಳಾದರೂ ಕತ್ತು ನಿಲ್ಲದಿದ್ದಲ್ಲಿ, 9 ತಿಂಗಳಿಗೆ ಆಧಾರವಿಲ್ಲದೆ ಕೂರದಿದ್ದಲ್ಲಿ, 18 ತಿಂಗಳಿಗೆ ನಡೆಯದಿದ್ದಲ್ಲಿ, 2 ವರ್ಷಕ್ಕೆ ಎರಡು ಪದಗಳನ್ನು ಜೋಡಿಸಿ ಮಾತನಾಡದಿದ್ದಲ್ಲಿ ವೈದ್ಯರಿಗೆ ತೋರಿಸುವುದು. "ಮುಂದೆ ಸರಿಹೋಗುತ್ತದೆ" ಎಂದು ಕಾಯುವುದರಿಂದ ತರಬೇತಿಗೆ ಅನುಕೂಲವಾದ ಕಾಲ ಕಳೆದುಹೋಗುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿದಂದಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳಿಗೆ ವೈದ್ಯಕೀಯ ತಂಡಗಳು ಭೇಟಿ ನೀಡುತ್ತವೆ. ಅಗತ್ಯವಿರುವ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಕ್ಕೆ ಕಳುಹಿಸಲಾಗುತ್ತದೆ.

ಅಂಗವಿಕಲತೆಯ ಪ್ರಮಾಣಪತ್ರ: 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಲ್ಲಿ ಬೌದ್ಧಿಕ ಅಂಗವಿಕಲತೆ, ಆಟಿಸಂ, ಕಲಿಕಾ ನ್ಯೂನತೆ ಸೇರಿದಂತೆ 21 ವಿಧಗಳನ್ನು ಗುರುತಿಸಲಾಗಿದೆ. ವಿಶಿಷ್ಟ ಗುರುತಿನ ಚೀಟಿಗೆ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸಿ, ನಿಗದಿತ ಆಸ್ಪತ್ರೆಯಲ್ಲಿ ತಪಾಸಣೆಗೆ ಹಾಜರಾಗಬೇಕು. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವಿಕಲತೆ ಇರುವವರಿಗೆ ಅಧಿನಿಯಮದಲ್ಲಿ ವಿಶೇಷ ಸೌಲಭ್ಯಗಳಿವೆ. ನ್ಯೂನತೆಗೆ ಕೀಟನಾಶಕವೇ ಕಾರಣವೆಂದು ಪೋಷಕರು ಸಾಬೀತುಪಡಿಸುವ ಅಗತ್ಯವಿಲ್ಲ. ಮಗುವಿನ ಸ್ಥಿತಿಯೇ ಇದಕ್ಕೆ ಆಧಾರ.

ಎಂಡೋಸಲ್ಫಾನ್ ಸಂತ್ರಸ್ತರು: ಕರಾವಳಿ ಜಿಲ್ಲೆಗಳಲ್ಲಿ ಸಮೀಕ್ಷೆ ಮತ್ತು ವೈದ್ಯಕೀಯ ತಪಾಸಣೆಯ ಮೂಲಕ ಗುರುತಿಸಲಾದವರಿಗೆ ಸರ್ಕಾರದಿಂದ ಮಾಸಾಶನ ಮಂಜೂರಾಗಿರುತ್ತದೆ. ಈ ಸಂಬಂಧದ ವಿವರಗಳಿಗೆ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸುವುದು.

ಕೀಟನಾಶಕಗಳ ಸುರಕ್ಷಿತ ಬಳಕೆ: 1971ರ ಕೀಟನಾಶಕಗಳ ನಿಯಮಗಳ ಪ್ರಕಾರ ಸಿಂಪರಣೆ ಮಾಡುವವರಿಗೆ ಸೂಕ್ತ ರಕ್ಷಣಾ ಉಡುಪು ಇರತಕ್ಕದ್ದು. ಬಳಕೆಯ ಪ್ರಮಾಣ ಹಾಗೂ ಪರ್ಯಾಯ ಕ್ರಮಗಳ ಕುರಿತು ಸಮೀಪದ ರೈತ ಸಂಪರ್ಕ ಕೇಂದ್ರದಲ್ಲಿ ಸಲಹೆ ಪಡೆಯಬಹುದು.

ಸಿಂಪರಣೆಯ ದಿನ ಗರ್ಭಿಣಿಯರನ್ನು ಹೊಲದಿಂದ ದೂರವಿರಿಸಲು ಹೆಚ್ಚಿನ ವೆಚ್ಚವಿಲ್ಲ. ಆದರೆ ಒಂದು ದಿನದ ಕೂಲಿಯನ್ನು ಬಿಡುವುದು ಬಡ ಕುಟುಂಬಕ್ಕೆ ಸುಲಭವಲ್ಲ. ಆದುದರಿಂದ ಜಮೀನಿನ ಮಾಲೀಕರು ಗರ್ಭಿಣಿಯರಿಗೆ ಅಂದು ಕೀಟನಾಶಕದ ಸಂಪರ್ಕವಿಲ್ಲದ ಬೇರೆ ಕೆಲಸ ನೀಡಿ ಸಹಕರಿಸಬೇಕೆಂದು ಕೋರಲಾಗಿದೆ.