ನೆಕ್ಕಾರ್ ನದೀತೀರದ ಬಾಡಿಗೆಯ ಕೋಣೆ

ಮನೆಯನ್ನು ಬಾಡಿಗೆಗೆ ಕೊಡುವ ವ್ಯವಹಾರವು ಬಹು ಪುರಾತನವಾದುದು. ಕೌಟಿಲ್ಯನು ಅರ್ಥಶಾಸ್ತ್ರದ ಧರ್ಮಸ್ಥೀಯಾಧಿಕರಣದಲ್ಲಿ ಇದಕ್ಕೆ ನಿಯಮಗಳನ್ನು ವಿಧಿಸಿರುವನು. ಬಿಡೆಂದು ಹೇಳಿದ ಮೇಲೂ ಬಿಡದೆ ಕುಳಿತ ಬಾಡಿಗೆದಾರನಿಗೆ ೧೨ ಪಣಗಳ ದಂಡ. ಬಾಡಿಗೆಯನ್ನು ಸಲ್ಲಿಸಿದವನನ್ನು ಹೊರಡಿಸುವ ಯಜಮಾನನಿಗೂ ಅಷ್ಟೇ ದಂಡ. ಬೈಗುಳು, ಕಳವು, ಬಲಾತ್ಕಾರ ಮೊದಲಾದ ದೋಷಗಳುಳ್ಳವನನ್ನು ಹೊರಡಿಸಿದರೆ ಮಾತ್ರ ತಪ್ಪಿಲ್ಲ. ತಾನಾಗಿಯೇ ಬಿಟ್ಟುಹೋಗುವವನು ವರ್ಷದ ಉಳಿದ ಬಾಡಿಗೆಯನ್ನು ತೆರತಕ್ಕದ್ದು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಈ ವಿಧಿಗಳು ನ್ಯಾಯವಾದವುಗಳೇ ಸರಿ. ಆದರೆ ಬಾಡಿಗೆದಾರನು ಸ್ವಸ್ಥಚಿತ್ತನಲ್ಲದೆ, ಮನೆಯನ್ನು ಬಿಡುವುದಕ್ಕಾಗಲಿ ತನ್ನ ಲೆಕ್ಕವನ್ನು ತಾನು ನೋಡಿಕೊಳ್ಳುವುದಕ್ಕಾಗಲಿ ಶಕ್ತನಲ್ಲದೆ ಇದ್ದರೆ ಯಜಮಾನನ ಧರ್ಮವೇನು? ಈ ಪ್ರಶ್ನೆಗೆ ದಂಡವಿಧಿಯಿಂದ ಉತ್ತರವು ದೊರೆಯದು. ಸಜ್ಜನರ ಆಚರಣೆಯಿಂದಲೇ ದೊರೆಯಬೇಕು. ಜರ್ಮನಿ ದೇಶದ ಒಂದು ಸಣ್ಣ ನಗರದಲ್ಲಿ ಬಡಗಿಯೊಬ್ಬನ ಕುಟುಂಬವು ೩೬ ವರ್ಷಗಳ ಕಾಲ ಅಂತಹ ಉತ್ತರವನ್ನು ನಡೆದು ತೋರಿಸಿತು.

ಆ ನಗರದ ಹೆಸರು ಟ್ಯೂಬಿಂಗೆನ್. ಅದು ನೆಕ್ಕಾರ್ ನದಿಯ ದಡದಲ್ಲಿರುವುದು. ಅಲ್ಲಿಯ ವಿಶ್ವವಿದ್ಯಾನಿಲಯವು ೧೪೭೭ರಲ್ಲಿ ಸ್ಥಾಪಿತವಾಯಿತು; ಕ್ರೈಸ್ತಧರ್ಮಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳಿಗೆ ವಸತಿಯನ್ನೂ ಅಶನವನ್ನೂ ಕೊಡುವ ಸ್ಟಿಫ್ಟ್ ಎಂಬ ಮಠವು ೧೫೩೬ರಿಂದ ಇರುವುದು. ಕನ್ನಡಿಗರಿಗೆ ಈ ನಗರದ ಋಣವುಂಟು. ೧೮೪೩ರಲ್ಲಿ ‘ಮಂಗಳೂರು ಸಮಾಚಾರ’ವೆಂಬ ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗನು ವ್ಯಾಸಂಗಮಾಡಿದುದು ಇಲ್ಲಿಯೇ; ಆತನ ಕನ್ನಡ ಸೇವೆಯನ್ನು ಮೆಚ್ಚಿ ೧೮೫೮ರಲ್ಲಿ ಗೌರವ ಡಾಕ್ಟರ್ ಪದವಿಯನ್ನಿತ್ತುದೂ ಇದೇ ವಿಶ್ವವಿದ್ಯಾನಿಲಯವೇ. ಮೋಗ್ಲಿಂಗನು ಇಲ್ಲಿ ವಿದ್ಯಾರ್ಥಿಯಾಗಿದ್ದ ಕಾಲದಲ್ಲಿಯೇ, ಮಠದಿಂದ ಅನತಿದೂರದಲ್ಲಿ, ನದಿಯಂಚಿನ ಹಳೆಯ ಕೋಟೆಯ ಬುರುಜಿನ ಮೇಲೆ ಕಟ್ಟಿದ ಮನೆಯೊಂದರಲ್ಲಿ ಒಂದು ಕೋಣೆಯನ್ನು ಹಿಡಿದು ಕವಿ ಫ್ರೀಡ್ರಿಕ್ ಹೋಲ್ಡರ್ಲಿನನು ವಾಸವಾಗಿದ್ದನು.

ಈ ಕವಿಯು ಹುಟ್ಟಿದುದು ೧೭೭೦ರಲ್ಲಿ, ಅದೇ ನೆಕ್ಕಾರ್ ನದಿಯ ತೀರದ ಲೌಫನ್ ಎಂಬ ಊರಿನಲ್ಲಿ. ೧೭೮೮ರಿಂದ ೧೭೯೩ರವರೆಗೆ ಸ್ಟಿಫ್ಟ್ ಮಠದಲ್ಲಿ ಓದಿದನು. ಮುಂದೆ ಜಗದ್ವಿಖ್ಯಾತ ತತ್ತ್ವಜ್ಞರಾದ ಹೆಗೆಲ್ ಮತ್ತು ಶೆಲ್ಲಿಂಗ್ ಎಂಬುವರು ಅಲ್ಲಿ ಆತನ ಸಹಪಾಠಿಗಳು. ಆತನ ‘ಹುಪೇರಿಯೋನ್’ ಎಂಬ ಗ್ರಂಥವು ೧೭೯೭ ಮತ್ತು ೧೭೯೯ರಲ್ಲಿ ಎರಡು ಭಾಗಗಳಾಗಿ ಪ್ರಕಟವಾಯಿತು. ಆಮೇಲೆ ಆತನಿಗೆ ಚಿತ್ತವಿಭ್ರಮವುಂಟಾಯಿತು. ೧೮೦೬ರ ಸೆಪ್ಟೆಂಬರಿನಲ್ಲಿ ಆತನನ್ನು ಟ್ಯೂಬಿಂಗೆನ್ನಿನ ಚಿಕಿತ್ಸಾಲಯಕ್ಕೆ ಕರೆತಂದರು. ಏಳೆಂಟು ತಿಂಗಳ ಚಿಕಿತ್ಸೆಯಿಂದ ಗುಣ ಕಾಣಲಿಲ್ಲ. ಈತನು ಹೆಚ್ಚೆಂದರೆ ಮೂರು ವರ್ಷ ಬದುಕಿಯಾನೆಂದು ಹೇಳಿ, ೧೮೦೭ರ ಮೇ ತಿಂಗಳಲ್ಲಿ ವೈದ್ಯರು ಕೈಬಿಟ್ಟರು.

ಆಗ ಆತನಿಗೆ ಇಂಬು ಕೊಟ್ಟವನು ಎರ್ನ್ಸ್ಟ್ ಝಿಮ್ಮರ್ ಎಂಬ ಬಡಗಿ. ಈತನು ಬಂಧುವಲ್ಲ, ಬಾಲ್ಯದ ಸ್ನೇಹಿತನೂ ಅಲ್ಲ. ‘ಹುಪೇರಿಯೋನ್’ ಗ್ರಂಥವನ್ನು ಓದಿ ಮನಸೋತಿದ್ದವನು. ಓದಿದುದಕ್ಕಾಗಿ ಕವಿಯನ್ನು ಚಿಕಿತ್ಸಾಲಯದಲ್ಲಿ ಹೋಗಿ ಕಂಡನು; ಕಂಡುದಕ್ಕಾಗಿ ಮನೆಗೆ ಕರೆತಂದನು. ಅಲ್ಲಿ ಬುರುಜಿನ ಆಕಾರಕ್ಕನುಗುಣವಾಗಿ ದುಂಡಗೆ ಬಾಗಿದ ಗೋಡೆಯ, ಸುಣ್ಣ ಬಳಿದ ಸಣ್ಣ ಕೋಣೆಯು ಕವಿಗೆ ದೊರೆಯಿತು. ಕಿಟಕಿಯ ಕೆಳಗೆ ನದಿ, ಅದರಾಚೆಗೆ ಕಣಿವೆ. ಅದೇ ಮನೆಯಲ್ಲಿ ವಿಶ್ವವಿದ್ಯಾನಿಲಯದ ಹುಡುಗರೂ ಬಾಡಿಗೆಗಿರುತ್ತಿದ್ದರು. ಅವರು ಬಂದರು, ಓದಿದರು, ಹೋದರು. ಈತನೊಬ್ಬನೇ ಉಳಿದನು.

ಝಿಮ್ಮರನು ಇದನ್ನು ಧರ್ಮಾರ್ಥವಾಗಿ ಮಾಡಿದನೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ಊಟವಸತಿಗಳ ಹಣವು ಆತನಿಗೆ ಸಲ್ಲುತ್ತಿತ್ತು. ವ್ಯುರ್ಟೆಂಬೆರ್ಗ್ ಸರ್ಕಾರವು ರೋಗಿಗೆ ವರ್ಷಕ್ಕೆ ೧೫೦ ಗುಲ್ಡೆನ್ ನಾಣ್ಯಗಳನ್ನು ಕೊಡುತ್ತಿತ್ತು, ಪಿತ್ರಾರ್ಜಿತವೂ ಇದ್ದಿತು. ಅದನ್ನು ತಾಯಿಯು ೧೮೨೮ರಲ್ಲಿ ತೀರಿಕೊಳ್ಳುವವರೆಗೆ ನೋಡಿಕೊಂಡಳು. ಆಮೇಲೆ ನೇಮಿತನಾದ ಪಾಲಕನೊಬ್ಬನು ನೋಡಿಕೊಂಡನು. ಅವನಿಗೆ ಬಡಗಿಯ ಮನೆಯಿಂದ ಮೂರು ತಿಂಗಳಿಗೊಮ್ಮೆ ಲೆಕ್ಕವು ಹೋಗುತ್ತಿತ್ತು: ಊಟಕ್ಕೆ ಇಷ್ಟು, ದ್ರಾಕ್ಷಾರಸಕ್ಕೆ ಇಷ್ಟು, ನಶ್ಯಕ್ಕೆ ಇಷ್ಟು, ಬಟ್ಟೆ ಒಗೆದುದಕ್ಕೆ ಇಷ್ಟು. ಲೆಕ್ಕದ ಜತೆಯಲ್ಲಿಯೇ ರೋಗಿಯ ಕ್ಷೇಮಸಮಾಚಾರ. ತನ್ನ ಹಣದ ಪರಿವೆಯೇ ಇಲ್ಲದ ಬಾಡಿಗೆದಾರನನ್ನು ಸುಲಿಯುವುದು ಕಷ್ಟವಾಗಿರಲಿಲ್ಲ. ಆದರೆ ಕವಿಯು ತೀರಿಕೊಂಡಾಗ ಆ ಗಂಟು ಕರಗಿರಲಿಲ್ಲ.

೧೮೧೨ರಲ್ಲಿ ಝಿಮ್ಮರನು ಕವಿಯ ತಾಯಿಗೆ ಬರೆದ ಕಾಗದದಲ್ಲಿ ಒಂದು ಪ್ರಸಂಗವಿದೆ. ಕವಿಯು ಆತನಲ್ಲಿ ದೇವಾಲಯವೊಂದರ ಚಿತ್ರವನ್ನು ಕಂಡು, ಅದರಂತೆ ಮರದಲ್ಲಿ ಒಂದನ್ನು ಮಾಡಿಕೊಡೆಂದು ಕೇಳಿದನಂತೆ. ತಾನು ಹೊಟ್ಟೆಪಾಡಿಗಾಗಿ ದುಡಿಯತಕ್ಕವನೆಂದೂ, ಕವಿಯ ಹಾಗೆ ತತ್ತ್ವಚಿಂತನೆಯಲ್ಲಿ ನೆಮ್ಮದಿಯಾಗಿರುವ ಭಾಗ್ಯ ತನಗಿಲ್ಲವೆಂದೂ ಬಡಗಿಯು ಹೇಳಿದನು. ಅಯ್ಯೋ, ತಾನು ದೀನನೇ ಎಂದು ಕವಿಯು ನೊಂದು, ಆ ಕ್ಷಣದಲ್ಲಿಯೇ ಸೀಸದಕಡ್ಡಿಯಿಂದ ಒಂದು ಹಲಗೆಯ ಮೇಲೆ ಪದ್ಯವನ್ನು ಬರೆದನು. ಕೆಲಸದ ಹಲಗೆಯ ಮೇಲಿನ ಆ ಪದ್ಯವನ್ನು ಬಡಗಿಯು ನಕಲು ಮಾಡಿ ತಾಯಿಗೆ ಕಳುಹಿಸಿದನು. ಅದು ಇಂದು ಜರ್ಮನ್ ಸಾಹಿತ್ಯದ ಸೊತ್ತಾಗಿದೆ.

ಮೂರು ವರ್ಷವೆಂದವರ ಮಾತು ಸುಳ್ಳಾಯಿತು. ಕವಿಯು ಕೋಣೆಯಲ್ಲಿ ಅತ್ತಿಂದಿತ್ತ ನಡೆಯುವನು, ಪಿಯಾನೋ ನುಡಿಸುವನು. ನೋಡಬಂದವರನ್ನು ‘ಮಹಾಪ್ರಭುಗಳೇ’ ಎಂಬಂತಹ ಬಿರುದುಗಳಿಂದ ಸಂಬೋಧಿಸುವನು. ಕೇಳಿದರೆ ಪದ್ಯವನ್ನು ಬರೆದುಕೊಟ್ಟು, ಕೆಳಗೆ ಸ್ಕಾರ್ಡನೆಲ್ಲಿ ಎಂಬ ಬೇರೆ ಹೆಸರನ್ನೂ, ತಾನು ಹುಟ್ಟುವುದಕ್ಕೆ ಎಷ್ಟೋ ಮುಂಚಿನ ತಾರೀಖನ್ನೂ ಹಾಕುವನು. ಊಲಾಂಡ್ ಮತ್ತು ಶ್ವಾಬ್ ಎಂಬುವರು ೧೮೨೬ರಲ್ಲಿ ಆತನ ಕವನಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ಆದರೆ ಆತನ ಹಿರಿಮೆಯು ಲೋಕಕ್ಕೆ ತಿಳಿಯುವುದಕ್ಕೆ ೧೯೧೩ರಲ್ಲಿ ಹೆಲ್ಲಿಂಗ್ರಾತನ ಆವೃತ್ತಿಯು ಹೊರಡತೊಡಗುವವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಬಹುಮಂದಿಗೆ ಆತನು ನದೀತೀರದ ಹುಚ್ಚ ಕವಿ.

೧೮೩೮ರಲ್ಲಿ ಝಿಮ್ಮರನು ತೀರಿಕೊಂಡನು. ಒಪ್ಪಂದವು ಅಲ್ಲಿಗೆ ಮುಗಿಯಿತೆಂದು ಮನೆಯವರು ಹೇಳಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಆದರೆ ಬಡಗಿಯ ಮಗಳು ಲೋಟೆ, ಇಪ್ಪತ್ತೈದು ವರ್ಷದವಳು, ರೋಗಿಯ ಶುಶ್ರೂಷೆಯನ್ನು ತಾನು ವಹಿಸಿಕೊಂಡಳು. ಕವಿಯು ಬುರುಜಿಗೆ ಬಂದಾಗ ಆಕೆಯಿನ್ನೂ ಹುಟ್ಟಿರಲಿಲ್ಲ. ೧೮೪೩ರ ಜೂನ್ ೭ನೆಯ ತಾರೀಖಿನ ರಾತ್ರಿ, ಕವಿಯ ತಮ್ಮನಿಗೆ ಕಾಗದವನ್ನು ಬರೆದವಳು ಅವಳೇ. ನೆಗಡಿಯಿದ್ದರೂ ಆ ಸಂಜೆ ಕವಿಯು ಪಿಯಾನೋ ನುಡಿಸಿ, ಇವರ ಕೋಣೆಯಲ್ಲಿಯೇ ರಾತ್ರಿಯ ಊಟವನ್ನು ಮಾಡಿದನು. ಮಲಗಿದವನು ಸಂಕಟದಿಂದ ಮತ್ತೆ ಎದ್ದನು. ಆಕೆಯು ಬಳಿಯಲ್ಲಿಯೇ ಉಳಿದಳು. ಸ್ವಲ್ಪ ಹೊತ್ತಿನಲ್ಲಿಯೇ ಶಾಂತವಾಗಿ ಪ್ರಾಣವು ಹೋಯಿತು. ಕೊನೆಯ ಕಾಲಕ್ಕೆ ಬಳಿಯಲ್ಲಿದ್ದವರು ಒಡಹುಟ್ಟಿದವರಲ್ಲ, ಮನೆಯ ಯಜಮಾನನ ಮಗಳು.

ಆ ಬುರುಜು ೧೮೭೫ರಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಲ್ಪಟ್ಟಿತು. ೧೯೨೧ರಲ್ಲಿ ನಗರವು ಅದನ್ನು ಕೊಂಡಿತು. ಈಗ ಅಲ್ಲಿ ಕವಿಯ ಸ್ಮಾರಕವಸ್ತುಸಂಗ್ರಹಾಲಯವಿದೆ. ಕವಿಯ ಕೊನೆಯ ಮೂವತ್ತಾರು ವರ್ಷಗಳ ದಿನಚರಿಯನ್ನು ತಿಳಿಯಬಯಸುವ ವಿದ್ವಾಂಸರು ಇಂದು ಮೊರೆಹೋಗುವುದು ಒಬ್ಬ ಬಡಗಿ ಮತ್ತು ಅವನ ಮಗಳು ಬರೆದ ಕಾಗದಗಳಿಗೆ, ಅಗಸಗಿತ್ತಿಯ ಕೂಲಿಯನ್ನೂ ನಶ್ಯದ ಬೆಲೆಯನ್ನೂ ಕಾಣಿಸಿದ ಆ ಲೆಕ್ಕದ ಪಟ್ಟಿಗಳಿಗೆ. ಬಾಡಿಗೆಯಾಗಿ ಸಂದುದು ಎಷ್ಟೆಂಬುದು ಅವುಗಳಲ್ಲಿದೆ. ಬಾಡಿಗೆಯನ್ನು ಮೀರಿ ಆ ಮನೆಯವರು ಕೊಟ್ಟುದನ್ನು ಯಾವ ಪಟ್ಟಿಯಲ್ಲಿಯೂ ಅವರು ಬರೆದಿಡಲಿಲ್ಲ.