ಮಹಾಕೂಟದ ಕಂಬ, ಗುಳೇದಗುಡ್ಡದ ಸಭೆ

ಶ್ರಾವಣದಲ್ಲೊಮ್ಮೆ ನಾವು ನಾಲ್ವರು ಹೆಣ್ಣುಮಕ್ಕಳು ಮಹಾಕೂಟಕ್ಕೆ ಹೋಗಿದ್ದೆವು. ಪುಷ್ಕರಣಿಯಲ್ಲಿ ಕೈಕಾಲು ತೊಳೆದು, ಮೆಟ್ಟಿಲ ಮೇಲೆ ಕುಳಿತು ಬುತ್ತಿ ಬಿಚ್ಚಿದೆವು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಇಲ್ಲಿನ ಗುಡಿಯ ಕಂಬವೊಂದರಲ್ಲಿ ಹೆಣ್ಣೊಬ್ಬಳ ಶಾಸನವಿದೆ. ಚಾಲುಕ್ಯ ದೊರೆ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಕೊಟ್ಟಳಂತೆ. ಅದಕ್ಕೂ ನೂರು ವರ್ಷ ಮೊದಲು, 602ರ ಸುಮಾರಿಗೆ, ದೊರೆ ಮಂಗಲೇಶ ನಿಲ್ಲಿಸಿದ ಶಾಸನದ ಕಂಬ ಮಾತ್ರ ಈಗ ಇಲ್ಲಿಲ್ಲ. ಬ್ರಿಟಿಷರ ಕಾಲದಲ್ಲಿ ಅದನ್ನು ವಿಜಾಪುರಕ್ಕೆ ಸಾಗಿಸಿದರು.

“ಇಲ್ಲಿಂದ ಕಂಬಾ ಒಯ್ದ್ರು; ನಮ್ಮ ಸಭೆಗಳಿಂದ ಪಾದ್ರಿಗಳನ್ನ ಒಯ್ದಿದ್ರು ನೋಡವಾ,” ಎಂದಳು ಗುಳೇದಗುಡ್ಡದ ಕ್ರೈಸ್ತ ಗೆಳತಿ. ಕೈಯಲ್ಲಿದ್ದ ರೊಟ್ಟಿ ಹಾಗೆಯೇ ಉಳಿಯಿತು. ಖಣದ ಊರೆಂದೇ ನಾನು ತಿಳಿದಿದ್ದ ಗುಳೇದಗುಡ್ಡಕ್ಕೆ ಇಂಥದೊಂದು ಕಥೆಯಿದೆಯೆಂದು ನನಗೆ ಗೊತ್ತಿರಲಿಲ್ಲ.

ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳನ್ನು ದಾಟಿ ಶತಮಾನದ ನಡುವಿಗೆ ಗುಳೇದಗುಡ್ಡದ ನೇಕಾರರ ನಡುವೆ ನೆಲೆಯೂರಿತು. 1894ರಲ್ಲಿ ನಮಗೆ ದೊಡ್ಡ ನಿಘಂಟು ಕೊಟ್ಟ ಕಿಟೆಲ್ ಇದೇ ಮಿಶನ್ನಿನವರು. ಅದರ ಕೇಂದ್ರ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಇಲ್ಲಿ ದುಡಿದವರಲ್ಲಿ ಹೆಚ್ಚಿನವರು ಜರ್ಮನರು. 1914ರಲ್ಲಿ ಮಹಾಯುದ್ಧ ಹತ್ತಿದಾಗ ಅದೇ ಅವರ ತಪ್ಪಾಯಿತು. ನಿನ್ನೆಯವರೆಗೆ ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟವರು, ಸತ್ತವರನ್ನು ಮಣ್ಣು ಮಾಡಿದವರು ಸರಕಾರದ ಕಣ್ಣಿಗೆ ಶತ್ರುಗಳಾದರು. ಹಲವರನ್ನು ಅಹಮದನಗರದ ಶಿಬಿರದಲ್ಲಿಟ್ಟರು. 1915-16ರಲ್ಲಿ ಹೆಂಗಸರು ಮಕ್ಕಳನ್ನೂ ಸೇರಿಸಿ ‘ಗೋಲ್ಕೊಂಡ’ ಹಡಗಿನಲ್ಲಿ ಯುರೋಪಿಗೆ ಕಳಿಸಿದರು. ಮಿಶನ್ನಿನ ಹಂಚಿನ, ನೇಯ್ಗೆಯ ಕಾರಖಾನೆಗಳೂ ಕೈಬಿಟ್ಟು ಹೋದವು. 1919ರಲ್ಲಿ ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು.

ಸಭೆಯ ಜನ ಏನು ಮಾಡಬೇಕಿತ್ತು? ಆಳುವವರಿಗೆ ಅಧೀನರಾಗಿರಿ ಎಂದು ಪೌಲನ ಪತ್ರ ಹೇಳುತ್ತದೆ. ಮನುಷ್ಯರಿಗಿಂತ ದೇವರ ಮಾತೇ ಮೇಲೆಂದು ಪೇತ್ರ ಹೇಳುತ್ತಾನೆ. ಎರಡೂ ಅವರದೇ ಬೈಬಲಿನ ಮಾತು. ಅವರು ದಂಗೆ ಏಳಲಿಲ್ಲ, ಸಭೆಯನ್ನೂ ಬಿಡಲಿಲ್ಲ. ಉಳಿದಿದ್ದ ಕೆಲವೇ ಸ್ವಿಸ್ ಪಾದ್ರಿಗಳ ಜೊತೆ ಕನ್ನಡದ ಪಾದ್ರಿಗಳು, ಉಪದೇಶಿಗಳು, ಸಭೆಯ ಹಿರಿಯರು ಹೊರೆ ಹೊತ್ತರು. ಬೈಬಲ್ ಕನ್ನಡದಲ್ಲಿತ್ತು, ಹಾಡು ಕನ್ನಡದಲ್ಲಿದ್ದವು. ಮಕ್ಕಳಿಗೆ ಪ್ರಾರ್ಥನೆ ಕಲಿಸಲು ತಾಯಂದಿರಿಗೆ ಯಾವ ಸರಕಾರದ ಪರವಾನಗಿಯೂ ಬೇಕಿರಲಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ಸಭೆಯ ಹಣ, ತೀರ್ಮಾನ ಎರಡನ್ನೂ ಮಿಶನ್ನಿನವರು ಬಹುಕಾಲ ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದರು. ಸೊಸೆಗೆ ಬೀಗದ ಕೈ ಕೊಡದ ಅತ್ತೆಯ ಹಾಗೆ. ಯುದ್ಧ ಅದನ್ನು ಒಮ್ಮೆಲೇ ಸೊಸೆಯ ಸೆರಗಿಗೆ ಕಟ್ಟಿತು. ಆದರೆ ಇದನ್ನು ಸರಕಾರದ ಉಪಕಾರವೆನ್ನಲಾರೆ. ಅತ್ತೆಯನ್ನು ಮನೆಯಿಂದ ಎಳೆದೊಯ್ದವರು ಸೊಸೆಯ ಒಳಿತಿಗೆಂದು ಬಂದವರಲ್ಲ. ಮನೆ ನಿಂತದ್ದು ಸೊಸೆಯ ಗಟ್ಟಿತನದಿಂದ.

ಸಂಜೆ ಗುಳೇದಗುಡ್ಡದಲ್ಲಿ ಗೆಳತಿಯ ಮನೆಗೆ ಹೋದೆವು. ಅವಳ ತಾಯಿ ಚಹಾ ಕೊಟ್ಟು, ಒಬ್ಬೊಬ್ಬರಿಗೂ ಒಂದೊಂದು ಖಣ ಉಡಿಯಲ್ಲಿಟ್ಟರು. ಮಾತಿನ ನಡುವೆ ನಾನು ಕೇಳಿದೆ: “ಸರಕಾರದ ಮ್ಯಾಲೆ ನಿಮಗ ಸಿಟ್ಟಿಲ್ಲೇನ್ರಿ, ಅವ್ವಾರ?”

“ಸಿಟ್ಟ್ಯಾಕವಾ? ಆಳೋರ ಸಲುವಾಗಿ ಗುಡಿಯಾಗ ನಾವು ಪ್ರಾರ್ಥನಾ ಮಾಡ್ತೀವಿ,” ಎಂದರು ಆಕೆ, ಕಪ್ಪುಬಸಿ ಎತ್ತುತ್ತ. “ಆದ್ರ ನಮ್ಮ ಅಯ್ಯನೋರು ಯಾರಾಗಬೇಕಂತ ಅವರು ಹೇಳೂದು ಬ್ಯಾಡ.”